ಅಗೆಯುವ ಯಂತ್ರಕ್ಕೊಂದು ಮಣಿಕಟ್ಟು

ಅಂಧೇರಿಯಲ್ಲಿ ಸಂಸಾರ ಹೂಡಿರುವ ನಮಗೆ ಋತುಗಳು ಆರಲ್ಲ, ಎರಡೇ. ರಸ್ತೆ ಅಗೆಯುವ ಋತು ಒಂದು. ಅಗೆದ ರಸ್ತೆಯಲ್ಲಿ ನೀರು ನಿಲ್ಲುವ ಋತು ಮತ್ತೊಂದು. ದೀಪಾವಳಿಯ ಹಣತೆ ಆರುವುದರೊಳಗೆ ಮೊದಲನೆಯದು ಆರಂಭವಾಗಿ, ಮೇ ತಿಂಗಳ ಕೊನೆಗೆ ಮದುವೆಮನೆಯ ಅವಸರದಲ್ಲಿ ಮುಗಿಯುತ್ತದೆ. ಮೆಟ್ರೋ ರೈಲಿಗೆಂದು ಅಗೆದರು. ೨೦೧೪ರ ಜೂನ್ ೮ರಂದು ವರ್ಸೋವಾದಿಂದ ಘಾಟ್‌ಕೋಪರಿಗೆ ರೈಲು ಓಡಿತು. ಗೋಖಲೆ ಸೇತುವೆಯನ್ನು ೨೦೨೨ರ ನವೆಂಬರಿನಲ್ಲಿ ಮುಚ್ಚಿದರು. ಹೊಸದಾಗಿ ಕಟ್ಟಿ ಪೂರ್ತಿಯಾಗಿ ತೆರೆಯುವಾಗ ೨೦೨೫ರ ಮೇ ತಿಂಗಳು ಬಂದಿತ್ತು. ೨೦೨೩ರಿಂದೀಚೆಗೆ ಬೀದಿಬೀದಿಗೂ ಕಾಂಕ್ರೀಟು ಹಾಸುವ ಕೆಲಸ. ಮೇಲೆ ಕಾಂಕ್ರೀಟು ಬೀಳಬೇಕಾದರೆ ಅದಕ್ಕೆ ಮೊದಲು ಕೆಳಗಿರುವ ನೀರಿನ ಪೈಪು, ಗಟಾರ, ವಿದ್ಯುತ್ ಕೇಬಲು, ಟೆಲಿಫೋನು ತಂತಿ ಇವೆಲ್ಲ ಸರಿಯಾಗಬೇಕಷ್ಟೆ. ಹೀಗಾಗಿ ಅಗೆಯುವ ಯಂತ್ರ ನಮ್ಮ ನೆರೆಮನೆಯ ನಂಟನಂತಾಗಿಬಿಟ್ಟಿದೆ.

ಈ ನಂಟನಿಗೆ ಹೆಸರುಗಳೂ ಹಲವು. ಮುಂದೊಂದು ದೊಡ್ಡ ಮೊರ, ಹಿಂದೊಂದು ಉದ್ದ ಕೈ ಇರುವ ಹಳದಿ ಯಂತ್ರವನ್ನು ಮಕ್ಕಳೆಲ್ಲ ಜೆ.ಸಿ.ಬಿ. ಎನ್ನುತ್ತಾರೆ. ಸರಪಳಿ ಪಟ್ಟಿಯ ಮೇಲೆ ನಡೆಯುತ್ತ ಸೊಂಟದಿಂದ ಮೇಲೆ ಸುತ್ತಲೂ ತಿರುಗುವ ಯಂತ್ರಕ್ಕೆ ಮುಂಬಯಿಯ ಕೆಲಸಗಾರರು ಪೊಕ್ಲೇನ್ ಎನ್ನುತ್ತಾರೆ; ಅದು ಫ್ರಾನ್ಸಿನ ಒಂದು ಕಂಪನಿಯ ಹೆಸರು. ನಮ್ಮ ಊರುಗಳ ಕಡೆ ಇದೇ ಯಂತ್ರ ಹಿಟಾಚಿಯಾಗುತ್ತದೆ; ಧಾರವಾಡದಲ್ಲಿ ಟಾಟಾ ಹಿಟಾಚಿಯ ಕಾರ್ಖಾನೆಯೇ ಇರುವಾಗ ಆ ಹೆಸರು ನಿಂತದ್ದರಲ್ಲಿ ಆಶ್ಚರ್ಯವಿಲ್ಲ. ಸರಿಯಾದ ಹೆಸರು ಎಕ್ಸ್‌ಕವೇಟರ್. ಓಣಿಗಳೊಳಗೆ ಬರುವುದು ಅದರ ಮರಿ: ಎರಡು ಟನ್ನಿನಿಂದ ಆರು ಟನ್ನಿನವರೆಗೆ ತೂಗುವ ಚಿಕ್ಕ ಎಕ್ಸ್‌ಕವೇಟರ್. ಈ ಮರಿಗೆ ಬೇಕಾದ ಒಂದು ಅಂಗದ ವಿಚಾರವನ್ನು ವಾಚಕ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ಯಂತ್ರದ ವಿಷಯವೆಂದು ತಾಯಂದಿರು ಪುಟ ತಿರುವಬಾರದಾಗಿ ವಿನಂತಿ. ಇದು ಅಡಿಗೆಮನೆಯ ಸೌಟಿನಿಂದಲೇ ತಿಳಿಯತಕ್ಕ ವಿಷಯ. ಮೇಲಾಗಿ, ನಮ್ಮ ಜನರ ಪ್ರಾಣಕ್ಕೆ ಸಂಬಂಧಪಟ್ಟದ್ದು.

ಕೈಯುಂಟು, ಮಣಿಕಟ್ಟಿಲ್ಲ

ಪಾತ್ರೆಯ ತಳದಲ್ಲಿ ಉಳಿದ ಸಾರನ್ನು ಸೌಟಿನಿಂದ ತೆಗೆಯುವಾಗ ನಮ್ಮ ಕೈ ಏನು ಮಾಡುತ್ತದೆಂದು ಒಮ್ಮೆ ಗಮನಿಸಿರಿ. ಭುಜ ಅಲ್ಲಾಡುವುದಿಲ್ಲ, ಮೊಣಕೈ ಸ್ವಲ್ಪ ಮಡಚುತ್ತದೆ. ಉಳಿದುದೆಲ್ಲ ಮಣಿಕಟ್ಟಿನ ಕೆಲಸ. ಸೌಟನ್ನು ವಾಲಿಸುವುದು, ತಿರುವುವುದು, ಅಂಚಿಗೆ ಒತ್ತಿ ಎತ್ತುವುದು ಎಲ್ಲವೂ ಅದೊಂದರಿಂದಲೇ. ಈಗ ಮಣಿಕಟ್ಟಿಗೆ ಬಿದಿರಿನ ದಬ್ಬೆ ಕಟ್ಟಿಕೊಂಡು ಅದೇ ಕೆಲಸ ಮಾಡಿ ನೋಡಿರಿ. ಸೌಟು ತಿರುಗಬೇಕಾದರೆ ಇಡೀ ಮೈಯೇ ತಿರುಗಬೇಕು. ಒಲೆಯ ಸುತ್ತ ಪ್ರದಕ್ಷಿಣೆ ಹಾಕಬೇಕು.

ನಮ್ಮ ಓಣಿಗೆ ಬರುವ ಎಕ್ಸ್‌ಕವೇಟರಿನ ಸ್ಥಿತಿ ಇದೇ. ಅದಕ್ಕೆ ತೋಳುಂಟು, ಮೊಣಕೈಯುಂಟು, ಕೊನೆಯಲ್ಲಿ ಬೆರಳು ಮಡಚಿದಂತೆ ಮಡಚುವ ಬಕೆಟ್ಟುಂಟು. ಆದರೆ ಈ ಮೂರೂ ಒಂದೇ ನೇರದಲ್ಲಿ, ಮುಂದಕ್ಕೆ ಹಿಂದಕ್ಕೆ, ಮೇಲಕ್ಕೆ ಕೆಳಕ್ಕೆ ಆಡತಕ್ಕವು. ಬಕೆಟ್ಟನ್ನು ಪಕ್ಕಕ್ಕೆ ವಾಲಿಸುವಂತಿಲ್ಲ, ಅಡ್ಡಕ್ಕೆ ತಿರುಗಿಸುವಂತಿಲ್ಲ. ಗೋಡೆಯ ಪಕ್ಕದಲ್ಲಿ ಅಡ್ಡವಾಗಿ ಕಾಲುವೆ ತೋಡಬೇಕಾದರೆ ಯಂತ್ರವೇ ಅಡ್ಡ ನಿಲ್ಲಬೇಕು. ಅಂಧೇರಿಯ ಓಣಿಯಲ್ಲಿ ಯಂತ್ರ ಅಡ್ಡ ನಿಂತರೆ ರಿಕ್ಷಾ ಹೋಗದು, ಶಾಲೆಯ ಬಸ್ಸು ಹೋಗದು, ಕೆಲವೆಡೆ ಯಂತ್ರ ನಿಲ್ಲುವುದೇ ಸಾಧ್ಯವಾಗದು.

ನಮ್ಮ ಓಣಿಯಲ್ಲಿ ಪೈಪಿನ ಕೆಲಸ ನಡೆದಾಗ ಯಂತ್ರ ನಡೆಸುತ್ತಿದ್ದ ತರುಣ ವಿಜಯಪುರದ ಕಡೆಯವನು. ನಾವು ಕನ್ನಡದಲ್ಲಿ ಮಾತಾಡಿಸಿದಾಗ ಮುಖ ಅರಳಿತು. ಯಂತ್ರವಿದ್ದೂ ಇಬ್ಬರು ಗುಂಡಿಯೊಳಗೆ ಸಲಿಕೆ ಹಿಡಿದು ನಿಂತಿರುವುದೇಕೆಂದು ಕೇಳಿದೆವು. "ಯಂತ್ರ ಹೊಳ್ಳಿಸಾಕ ಜಾಗಾ ಎಲ್ಲೈತ್ರೀ ಸಾಹೇಬ್ರ? ಒಂದ್ ಮಗ್ಗಲ ಗ್ವಾಡಿ, ಒಂದ್ ಮಗ್ಗಲ ಗಟಾರ. ಪೈಪಿನ ಹತ್ರ ಬಂದ್ರ ಬಕೆಟ್ ತಾಗಿಸಾಕ ಧೈರ್ಯ ಬರೂದಿಲ್ಲ. ಕಡೀಕ ಮಂದೀನ ಇಳೀಬೇಕು" ಎಂದ. ಯಂತ್ರಕ್ಕೆ ಇಲ್ಲದ ಮಣಿಕಟ್ಟಿನ ಕೆಲಸವನ್ನು ಗುಂಡಿಯೊಳಗಿನ ಇಬ್ಬರು ಮನುಷ್ಯರು ಮಾಡುತ್ತಿದ್ದರೆಂಬುದು ಆಗ ನಮಗೆ ಸ್ಪಷ್ಟವಾಯಿತು.

ಉತ್ತರ ದೇಶದ ಉಪಾಯ

ಈ ಕೊರತೆಗೆ ಉಪಾಯ ಹುಟ್ಟಿದ್ದು ಯೂರೋಪಿನ ಉತ್ತರದ ಸ್ವೀಡನ್ ದೇಶದಲ್ಲಿ, ೧೯೮೦ರ ದಶಕದಲ್ಲಿ. ತೋಳಿಗೂ ಬಕೆಟ್ಟಿಗೂ ನಡುವೆ ಒಂದು ಉಕ್ಕಿನ ಕೀಲನ್ನು ಅವರು ಸೇರಿಸಿದರು. ಅದು ಬಕೆಟ್ಟನ್ನು ಎಡಬಲಕ್ಕೆ ವಾಲಿಸುತ್ತದೆ. ಜೊತೆಗೆ ಬುಗುರಿಯಂತೆ ಸುತ್ತಲೂ ತಿರುಗಿಸುತ್ತದೆ. ವಾಲಿಸುವುದು ಟಿಲ್ಟ್, ತಿರುಗಿಸುವುದು ರೊಟೇಟ್. ಎರಡೂ ಕೂಡಿ ಟಿಲ್ಟ್‌ರೊಟೇಟರ್ ಎಂಬ ಹೆಸರಾಯಿತು. ವಿಂಡೆಲ್ನ್ ಎಂಬ ಚಿಕ್ಕ ಊರಿನಿಂದ ೧೯೮೬ರಲ್ಲಿ ರೊಟೊಟಿಲ್ಟ್ ಎಂಬುದು ಹೊರಬಂತು. ೧೯೯೦ರಲ್ಲಿ ಸ್ಟ್ರೋಮ್‌ಸುಂಡ್ ಎಂಬಲ್ಲಿ ಸ್ಟಿಗ್ ಎಂಗ್‌ಸ್ಟ್ರೋಮ್ ಎಂಬವರು ಎಂಗ್‌ಕಾನ್ ಕಂಪನಿಯನ್ನು ಸ್ಥಾಪಿಸಿದರು. ಅವರೂ ಮೊದಲು ಅಗೆಯುವ ಗುತ್ತಿಗೆಯವರೇ. ೨೦೦೫ರಲ್ಲಿ ಆರಂಭವಾದ ಇನ್ನೊಂದು ಕಂಪನಿಯ ಹೆಸರಂತೂ ಸ್ಟೀಲ್‌ರಿಸ್ಟ್, ಎಂದರೆ ಉಕ್ಕಿನ ಮಣಿಕಟ್ಟು! ನಮ್ಮ ಲೇಖನದ ತಲೆಬರಹ ನಮ್ಮ ಕಲ್ಪನೆಯಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಸ್ವೀಡನ್ನಿನಲ್ಲೇ ಇದು ಏಕೆ ಹುಟ್ಟಿತು? ಅಲ್ಲಿ ಜನ ಕಡಿಮೆ, ಕೂಲಿ ಹೆಚ್ಚು. ಒಬ್ಬ ಆಪರೇಟರು ಒಂದು ಯಂತ್ರದೊಡನೆ ಒಬ್ಬನೇ ದಿನವಿಡೀ ಕೆಲಸ ಮಾಡಬೇಕಾದ ಪ್ರಸಂಗ. ಗುಂಡಿಗೆ ಇಳಿಯಲು ಇನ್ನೊಬ್ಬನಿಲ್ಲದಿದ್ದಾಗ ಯಂತ್ರವೇ ಕಲಿಯಬೇಕಾಯಿತು. ಇಂದು ಅಲ್ಲಿ ಈ ಕೀಲಿಲ್ಲದ ಎಕ್ಸ್‌ಕವೇಟರೇ ಅಪರೂಪ. ನಮ್ಮಲ್ಲಿ ಗುಂಡಿಗೆ ಇಳಿಯುವವರು ಬೆಳಗಿನ ನಾಕಾದಲ್ಲಿ ಸಾಲುಗಟ್ಟಿ ನಿಂತಿರುತ್ತಾರೆ. ಆದುದರಿಂದ ಯಂತ್ರ ಕಲಿಯಬೇಕಾದ ಅಗತ್ಯ ಯಾರಿಗೂ ಕಂಡಿಲ್ಲ.

ಒಳಗಿನ ರಚನೆ

ಟಿಲ್ಟ್‌ರೊಟೇಟರಿನ ಮೇಲಿನ ಭಾಗ ವಾಲುವುದಕ್ಕೆ, ಕೆಳಗಿನ ಭಾಗ ತಿರುಗುವುದಕ್ಕೆ. ಎಡಬಲಗಳಲ್ಲಿ ಎಣ್ಣೆಯ ಒತ್ತಡದಿಂದ ಚಾಚುವ, ಕುಗ್ಗುವ ಎರಡು ಸಿಲಿಂಡರುಗಳಿರುತ್ತವೆ. ಒಂದು ಚಾಚಿ ಮತ್ತೊಂದು ಕುಗ್ಗಿದಾಗ ಬಕೆಟ್ಟು ಒಂದು ಕಡೆಗೆ ವಾಲುತ್ತದೆ. ಪ್ರತಿ ಪಕ್ಕಕ್ಕೆ ಸಾಮಾನ್ಯವಾಗಿ ೪೦ರಿಂದ ೪೫ ಡಿಗ್ರಿ.

ತಿರುಗುವ ಭಾಗದಲ್ಲಿ ಒಂದು ದೊಡ್ಡ ಹಲ್ಲಿನ ಚಕ್ರ, ಅದಕ್ಕೆ ಅಂಟಿಕೊಂಡಂತೆ ತಿರುಪಿನಾಕಾರದ ಒಂದು ದಂಡ. ಮ್ಯಾಂಡೊಲಿನ್ ನುಡಿಸುವವರಿಗೆ ಇದು ಹೊಸದಲ್ಲ. ಮ್ಯಾಂಡೊಲಿನ್ನಿನ ಕಿವಿ ತಿರುವಿದರೆ ತಂತಿ ಬಿಗಿಯುತ್ತದೆ; ತಂತಿ ಎಷ್ಟೇ ಎಳೆದರೂ ಕಿವಿ ತಾನಾಗಿ ಹಿಂದಿರುಗದು. ಇಲ್ಲಿಯೂ ಹಾಗೆಯೇ. ಎಣ್ಣೆಯ ಮೋಟಾರು ದಂಡವನ್ನು ತಿರುಗಿಸಿದರೆ ಚಕ್ರ ತಿರುಗುತ್ತದೆ; ಬಕೆಟ್ಟಿಗೆ ಕಲ್ಲು ತಾಗಿದರೆ ಅದು ತಾನಾಗಿ ತಿರುಗಿಹೋಗುವುದಿಲ್ಲ. ಇನ್ನು, ಸುತ್ತಿದಷ್ಟೂ ಎಣ್ಣೆಯ ಕೊಳವೆಗಳು ಬಾವಿಯ ಹಗ್ಗದಂತೆ ಹುರಿಗೊಳ್ಳಬೇಕಲ್ಲ? ಅದಾಗದಂತೆ ನಡುವೆ ಒಂದು ತಿರುಗು ಕೀಲಿಟ್ಟು, ಅದರೊಳಗಿನ ದಾರಿಗಳಿಂದಲೇ ಎಣ್ಣೆಯನ್ನು ಕೆಳಕ್ಕೆ ದಾಟಿಸುತ್ತಾರೆ. ಆದುದರಿಂದ ಒಂದೇ ದಿಕ್ಕಿಗೆ ನೂರು ಸುತ್ತು ಹಾಕಿದರೂ ತೊಡಕಿಲ್ಲ. ಬೇಕಾದವರು ಕೆಳಗೆ ಒಂದು ಚಿಕ್ಕ ಇಕ್ಕಳವನ್ನೂ ಸೇರಿಸಬಹುದು. ಪೈಪು, ಕಲ್ಲುಗಳನ್ನು ಹಿಡಿದೆತ್ತಲು ಅದು ಅನುಕೂಲ.

ಕಟ್ಟುವ ಕ್ರಮ

ಮೊದಲನೆಯ ಮಾತು ತೂಕದ್ದು. ಚಿಕ್ಕ ಯಂತ್ರಗಳ ಟಿಲ್ಟ್‌ರೊಟೇಟರು ಗಾತ್ರಕ್ಕೆ ತಕ್ಕಂತೆ ನೂರು ಕಿಲೋದ ಆಸುಪಾಸಿನಿಂದ ಇನ್ನೂರು ಕಿಲೋದವರೆಗೂ ತೂಗುತ್ತದೆ. ಚಾಚಿದ ಕೈಯ ತುದಿಯಲ್ಲಿ ಇಷ್ಟು ಭಾರ ತೂಗಿದರೆ ಎತ್ತುವ ಶಕ್ತಿ ಅಷ್ಟು ಕಡಿಮೆಯಾಯಿತೆಂದೇ ಅರ್ಥ. ತೋಳು ಉದ್ದವಾದಂತಾಗುವುದರಿಂದ ಬಕೆಟ್ಟಿನ ಹಲ್ಲಿನ ಕೀಳುವ ಬಲವೂ ಇಳಿಯುತ್ತದೆ. ಆದುದರಿಂದ ಯಂತ್ರದ ತೂಕಕ್ಕೆ ಒಪ್ಪುವ ಅಳತೆಯದನ್ನೇ ಆರಿಸಿ, ಮೊದಲಿಗಿಂತ ಚಿಕ್ಕ ಬಕೆಟ್ಟನ್ನು ಹಾಕಬೇಕು. ದೊಡ್ಡ ಬಕೆಟ್ಟಿನ ಆಸೆಗೆ ಬಿದ್ದರೆ ಯಂತ್ರವೇ ಮಗ್ಗುಲಾಗುವ ಭಯವುಂಟು. ಪಕ್ಕಕ್ಕೆ ತಿರುಗಿ ಕೆಲಸ ಮಾಡುವಾಗಂತೂ ಹೆಚ್ಚು.

ಎರಡನೆಯದು ಕೊಕ್ಕೆಯ ಮಾತು. ತೋಳಿನ ತುದಿಗೆ ನೇರವಾಗಿ ಪಿನ್ನು ಹೊಡೆದು ಟಿಲ್ಟ್‌ರೊಟೇಟರನ್ನು ಕಾಯಂ ಆಗಿ ಕೂರಿಸುವುದು ಒಂದು ಕ್ರಮ. ಇದರಲ್ಲಿ ತೂಕವೂ ಎತ್ತರವೂ ಉಳಿಯುತ್ತವೆ. ಮೇಲೊಂದು ಕೊಕ್ಕೆ, ಕೆಳಗೊಂದು ಕೊಕ್ಕೆ ಇಟ್ಟು ನಡುವೆ ಇದನ್ನು ಸಿಕ್ಕಿಸುವುದು ಇನ್ನೊಂದು ಕ್ರಮ, ಬೇಡವಾದಾಗ ಬಿಚ್ಚಿಡಬಹುದು. ಕೊಕ್ಕೆಗಳಿಗೆ ಎಸ್-೩೦, ಎಸ್-೪೦, ಎಸ್-೪೫ ಎಂಬ ಅಳತೆಗಳಿವೆ. ಅಂಕಿ ಪಿನ್ನಿನ ದಪ್ಪವನ್ನು ಮಿಲಿಮೀಟರಿನಲ್ಲಿ ಹೇಳುತ್ತದೆ. ಅಂಧೇರಿಯಂತಹ ಸ್ಥಳಕ್ಕೆ ಬಿಚ್ಚುವ ಕ್ರಮವೇ ಲೇಸು. ಕಾರಣವೇನೆಂದರೆ, ನಮ್ಮ ನೆಲದಡಿಯಲ್ಲಿರುವುದು ಕಪ್ಪು ಬಸಾಲ್ಟ್ ಬಂಡೆ. ಅಂಧೇರಿ ಪಶ್ಚಿಮದ ಗಿಲ್ಬರ್ಟ್ ಹಿಲ್ಲನ್ನು ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ಸುಮಾರು ೨೦೦ ಅಡಿ ಎತ್ತರಕ್ಕೆ ಕಂಬದಂತೆ ನಿಂತ ಆ ಕಲ್ಲಿಗೆ ಸುಮಾರು ೬.೬ ಕೋಟಿ ವರ್ಷಗಳ ವಯಸ್ಸು. ಇಂತಹ ಬಂಡೆ ಸಿಕ್ಕಾಗ ಬಡಿಯುವ ಬ್ರೇಕರ್ ಬೇಕು. ಬ್ರೇಕರಿನ ಪೆಟ್ಟು ಟಿಲ್ಟ್‌ರೊಟೇಟರಿನ ಹಲ್ಲುಗಳಿಗೆ ವಿಷವಿದ್ದಂತೆ. ಬಂಡೆಗೆ ಬಂದಾಗ ಇದನ್ನು ಬಿಚ್ಚಿಟ್ಟು ಬ್ರೇಕರನ್ನು ನೇರವಾಗಿ ಮೇಲಿನ ಕೊಕ್ಕೆಗೇ ಸಿಕ್ಕಿಸಬೇಕು.

ಮೂರನೆಯದು ಎಣ್ಣೆಯ ಮಾತು. ಬ್ರೇಕರಿಗೆಂದು ತೋಳಿನ ಮೇಲೆ ಎಳೆದಿರುವ ಹೆಚ್ಚುವರಿ ಎಣ್ಣೆಯ ಕೊಳವೆಯನ್ನೇ ಅನೇಕ ವೇಳೆ ಇದಕ್ಕೂ ಬಳಸಬಹುದು. ಆದರೆ ಒಂದು ನಿಮಿಷಕ್ಕೆ ಎಷ್ಟು ಲೀಟರು ಎಣ್ಣೆ, ಎಷ್ಟು ಒತ್ತಡ ಎಂಬುದನ್ನು ಟಿಲ್ಟ್‌ರೊಟೇಟರಿನ ಪುಸ್ತಕದಲ್ಲಿ ಹೇಳಿದಂತೆಯೇ ಹೊಂದಿಸಬೇಕು. ಹೆಚ್ಚಾದರೆ ಎಣ್ಣೆ ಕಾಯುತ್ತದೆ, ಬಕೆಟ್ಟು ಎಗರಾಡುತ್ತದೆ, ಕಡಿಮೆಯಾದರೆ ತೂಕಡಿಸುತ್ತದೆ. ಕೊಳವೆಯ ಬಾಯಿ ಬಿಚ್ಚುವ ಮೊದಲು ಇಂಜಿನ್ನು ನಿಲ್ಲಿಸಿ ಒತ್ತಡ ಇಳಿಸುವುದು ಕಡ್ಡಾಯ. ಒತ್ತಡದ ಎಣ್ಣೆ ಸೂಜಿಯಂತೆ ಚರ್ಮದೊಳಗೆ ನುಗ್ಗಬಲ್ಲದು. ಹೊರಗೆ ಸೊಳ್ಳೆ ಕಚ್ಚಿದಷ್ಟೇ ಗುರುತು ಕಂಡರೂ ಒಳಗೆ ಮಾಂಸ ಕೊಳೆಯುತ್ತದೆ. ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಕೊಳವೆಯ ಬಾಯಿಗೆ ಮಣ್ಣು ತಾಗಬಾರದು. ಅಡಿಗೆಯ ಎಣ್ಣೆಗಿರುವ ಮಡಿ ಇದಕ್ಕೂ ಬೇಕು.

ನಾಲ್ಕನೆಯದು ಕೈಹಿಡಿಗಳ ಮಾತು. ಆಪರೇಟರಿನ ಎರಡು ಕೈಹಿಡಿಗಳ ತಲೆಯಲ್ಲಿ ಹೆಬ್ಬೆರಳಿಗೆ ಸಿಗುವಂತೆ ಸಣ್ಣ ಉರುಳೆಗಳನ್ನು ಕೂರಿಸುತ್ತಾರೆ. ಒಂದು ವಾಲಿಸುವುದಕ್ಕೆ, ಇನ್ನೊಂದು ತಿರುಗಿಸುವುದಕ್ಕೆ. ಉರುಳೆಯನ್ನು ಎಷ್ಟು ಸರಿಸಿದರೆ ಅಷ್ಟೇ ವೇಗ. ಕೂರಿಸಿದ ಮೇಲೆ ನಿಧಾನವಾಗಿ ತೋಳನ್ನು ಪೂರ್ತಿ ಚಾಚಿ, ಪೂರ್ತಿ ಮಡಚಿ, ಬಕೆಟ್ಟನ್ನು ಎಡಕ್ಕೂ ಬಲಕ್ಕೂ ವಾಲಿಸಿ, ಎಲ್ಲಿಯಾದರೂ ಕೊಳವೆ ಜಗ್ಗುತ್ತದೆಯೇ, ಬಕೆಟ್ಟಿನ ಮೂಲೆ ತೋಳಿಗೋ ಆಪರೇಟರಿನ ಕೋಣೆಗೋ ತಾಗುತ್ತದೆಯೇ ಎಂದು ನೋಡಬೇಕು. ಚಿಕ್ಕ ಯಂತ್ರಗಳಲ್ಲಿ ಎಲ್ಲವೂ ಹತ್ತಿರ ಹತ್ತಿರ. ಈ ಪರೀಕ್ಷೆ ಬಿಡಕೂಡದು. ಕೆಲವು ಗಂಟೆ ಕೆಲಸವಾದ ನಂತರ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು.

ಬಳಸುವ ಬಗೆ

ಕೆಲಸಕ್ಕೆ ತೊಡಗುವ ಮೊದಲು, ಬಕೆಟ್ಟು ಬದಲಾಯಿಸಿದ ಪ್ರತಿ ಸಲವೂ, ಕೊಕ್ಕೆ ಕಚ್ಚಿದೆಯೇ ಎಂದು ನೋಡತಕ್ಕದ್ದು. ಬಕೆಟ್ಟನ್ನು ನೆಲಕ್ಕೆ ಒತ್ತಿ ಅಲ್ಲಾಡಿಸಿ, ಕಣ್ಣಿನಿಂದಲೂ ನೋಡಬೇಕು. ದೀಪ ಉರಿಯಿತು, ಗಂಟೆ ಬಾರಿಸಿತು ಎಂದಷ್ಟಕ್ಕೆ ನಂಬಬಾರದು. ಸರಿಯಾಗಿ ಕಚ್ಚದ ಬಕೆಟ್ಟು ಕೆಳಗಿದ್ದವರ ಮೇಲೆ ಕಳಚಿಬಿದ್ದ ಪ್ರಸಂಗಗಳು ಯಂತ್ರ ತಯಾರಿಸುವ ದೇಶಗಳಲ್ಲೂ ನಡೆದಿವೆ. ಆ ಕಾರಣದಿಂದಲೇ ಈಗಿನ ಕೊಕ್ಕೆಗಳಲ್ಲಿ ಮುಂದಿನ ಪಿನ್ನಿಗೆ ಬೇರೆಯೇ ಒಂದು ಬೀಗ ಇಡುತ್ತಾರೆ.

ಹೊಸಬರು ಮೊದಲ ದಿನವೇ ವಾಲಿಸುತ್ತ ತಿರುಗಿಸುತ್ತ ಗಾರುಡಿ ತೋರಿಸಹೋಗಬಾರದು. ಮೊದಲು ವಾಲಿಸುವುದೊಂದನ್ನೇ ಕಲಿಯಬೇಕು: ಇಳಿಜಾರು ನೆಲದಲ್ಲಿ ಯಂತ್ರ ಓರೆಯಾಗಿ ನಿಂತಿದ್ದರೂ ಬಕೆಟ್ಟಿನ ತಳವನ್ನು ಮಟ್ಟವಾಗಿ ಹಿಡಿಯುವುದು. ಗಟಾರಕ್ಕೆ ಇದು ಅತ್ಯಗತ್ಯ. ತಳದಲ್ಲಿ ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು ಉಳಿದರೆ ನೀರು ಮುಂದಕ್ಕೆ ಹರಿಯದೆ ನಮ್ಮ ಹೊಸ್ತಿಲ ಕಡೆಗೇ ಬರುತ್ತದೆ. ೨೦೦೫ರ ಜುಲೈ ೨೬ರಂದು ಒಂದೇ ದಿನದಲ್ಲಿ ಸಾಂತಾಕ್ರೂಜ್‌ನಲ್ಲಿ ೯೪೪ ಮಿಲಿಮೀಟರು ಮಳೆ ಸುರಿದುದನ್ನು ಕಂಡ ಉಪನಗರದವರಿಗೆ ಗಟಾರದ ಇಳಿಜಾರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ.

ಅನಂತರ ತಿರುಗಿಸುವುದು. ಯಂತ್ರ ಓಣಿಯ ನಡುವೆ ಉದ್ದಕ್ಕೇ ನಿಂತಿರಲಿ. ಬಕೆಟ್ಟನ್ನು ಕಾಲು ಸುತ್ತು ತಿರುಗಿಸಿದರೆ ಅಡ್ಡ ಕಾಲುವೆ ತೋಡಬಹುದು. ಅರ್ಧ ಸುತ್ತು ತಿರುಗಿಸಿದರೆ ಬಕೆಟ್ಟಿನ ಬಾಯಿ ಹೊರಮುಖವಾಗುತ್ತದೆ. ಆಗ ಮಣ್ಣನ್ನು ದೂಡಿ ಗುಂಡಿ ಮುಚ್ಚಬಹುದು. ಹಳೆಯ ನೀರಿನ ಪೈಪು ನಡುವೆ ಬಂದರೆ ಅದರ ಎಡಕ್ಕೂ ಬಲಕ್ಕೂ ಬಕೆಟ್ಟನ್ನು ಓರೆ ಮಾಡಿ ಮಣ್ಣು ತೆಗೆಯಬಹುದು. ಆದರೂ ಪೈಪಿಗೆ ತೀರ ಹತ್ತಿರದ ಮಣ್ಣನ್ನು ಕೈ ಸಲಿಕೆಯಿಂದಲೇ ಬಿಡಿಸುವುದು ಎಂದೆಂದಿಗೂ ಕ್ಷೇಮ. ಮಣಿಕಟ್ಟು ಬಂದರೂ ಉಕ್ಕಿಗೆ ಸ್ಪರ್ಶಜ್ಞಾನ ಬಂದಿರುವುದಿಲ್ಲ.

ಮಾಡಬಾರದವು ಮೂರು. ಬಕೆಟ್ಟನ್ನು ವಾಲಿಸಿಟ್ಟು ಅದರ ಪಕ್ಕದಿಂದ ಕಲ್ಲು ಮೀಟಬಾರದು. ತೋಳನ್ನು ಬೀಸಿ ಗೋಡೆ ಕೆಡವಬಾರದು. ಭಾರ ಎತ್ತುವಾಗ ಹಳೆಯ ಲೆಕ್ಕ ನಂಬದೆ, ಟಿಲ್ಟ್‌ರೊಟೇಟರಿನ ತೂಕವನ್ನು ಕಳೆದು ನೋಡದೆ ಎತ್ತಬಾರದು. ಮಾಡಲೇಬೇಕಾದುದು ಒಂದು: ದಿನವೂ ಗ್ರೀಸು ಹೊಡೆಯುವುದು. ಮಣ್ಣುನೀರಿನಲ್ಲಿ ಮುಳುಗಿ ಏಳುವ ಕೀಲಿಗೆ ಗ್ರೀಸೇ ಅನ್ನ.

ಹಣದ ಲೆಕ್ಕ

ಇಷ್ಟು ಒಳ್ಳೆಯದಾದರೆ ಏಕೆ ಬರಲಿಲ್ಲ? ಬೆಲೆ ಹೆಚ್ಚು, ನಿಜ. ಆದರೆ ಅದೊಂದೇ ಕಾರಣವಲ್ಲ. ನಾವು ಸರ್ಕಾರಿ ಕಚೇರಿಯಲ್ಲಿ ಕಾಗದ ನೋಡಿ ಹೊಟ್ಟೆ ಹೊರೆಯುವವರು. ನಮ್ಮ ಕಣ್ಣಿಗೆ ಕಾಣುವ ಕಾರಣ ಬೇರೆ.

ಓಣಿಯಲ್ಲಿ ನಿಂತ ಯಂತ್ರದ ಯಜಮಾನ ಒಬ್ಬ. ಅವನು ಗಂಟೆಯ ಬಾಡಿಗೆಗೆ ಕೊಟ್ಟಿರುತ್ತಾನೆ. ಅವನ ಯಂತ್ರ ಚುರುಕಾಗಿ ಹತ್ತು ಗಂಟೆಯ ಕೆಲಸವನ್ನು ಏಳರಲ್ಲಿ ಮುಗಿಸಿದರೆ ಮೂರು ಗಂಟೆಯ ಬಾಡಿಗೆ ಹೋಯಿತು. ತನ್ನ ಕೈಯಿಂದ ಹಣ ಹಾಕಿ ತನ್ನ ಆದಾಯ ಇಳಿಸಿಕೊಳ್ಳುವ ಪುಣ್ಯಾತ್ಮ ಯಾವನು? ಯಂತ್ರವನ್ನು ಬಾಡಿಗೆಗೆ ಪಡೆದ ಗುತ್ತಿಗೆದಾರ ಇನ್ನೊಬ್ಬ. ಅವನಿಗೆ ಹಣ ಸಿಗುವುದು ಅಗೆದ ಮಣ್ಣಿನ ಘನಮೀಟರಿನ ಲೆಕ್ಕದಲ್ಲಿ. ಆ ಮಣ್ಣು ಬಕೆಟ್ಟಿನಿಂದ ಬಂತೋ, ಗುಂಡಿಗೆ ಇಳಿದವನ ಬುಟ್ಟಿಯಿಂದ ಬಂತೋ ಎಂದು ದರಪಟ್ಟಿ ಕೇಳುವುದಿಲ್ಲ. ಪೈಪು ಒಡೆದರೆ ನೀರಿಲ್ಲದೆ ಕೂರುವವರು ಮೂರನೆಯವರು, ನಾವು. ನಮ್ಮ ಓಣಿಯಲ್ಲಿ ಒಮ್ಮೆ ಹಾಗೆ ಪೈಪು ಒಡೆದು ಎರಡು ದಿನ ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡಿದ್ದುಂಟು. ಆ ಕೊಡಗಳ ಲೆಕ್ಕ ಯಾವ ಬಿಲ್ಲಿನಲ್ಲೂ ಬರಲಿಲ್ಲ. ಹಣ ಹಾಕಬೇಕಾದವನು ಒಬ್ಬ, ಲಾಭ ಕಾಣುವವನು ಒಬ್ಬ, ನಷ್ಟ ತಿನ್ನುವವನು ಮತ್ತೊಬ್ಬ ಆದಾಗ ಒಳ್ಳೆಯ ವಸ್ತು ಅಂಗಡಿಯಲ್ಲೇ ಉಳಿಯುತ್ತದೆ.

ಪರಿಹಾರ ಕಾಗದದಲ್ಲೇ ಇದೆ ಎಂಬುದು ನಮ್ಮ ಎಣಿಕೆ. ಪೈಪು ಕೇಬಲುಗಳು ಹೆಣೆದುಕೊಂಡಿರುವ ಓಣಿಗಳ ಟೆಂಡರಿನಲ್ಲಿ ಬಕೆಟ್ಟು ವಾಲಿಸಿ ತಿರುಗಿಸಬಲ್ಲ ಯಂತ್ರವೇ ಬೇಕೆಂದು ಬರೆಯಲಿ. ಅಗೆದ ಮಣ್ಣಿಗಿಂತ ಸರಿಯಾಗಿ ಮುಗಿದ ಪ್ರತಿ ಮೀಟರು ಗಟಾರಕ್ಕೆ ದರ ಕೊಡಲಿ. ಒಮ್ಮೆಗೇ ಅಷ್ಟು ಆಗದಿದ್ದರೆ, ತಿರುಗದೆ ಬರೀ ವಾಲುವ ಬಕೆಟ್ಟುಗಳಿವೆ. ಬೆಲೆ ಬಹಳ ಕಡಿಮೆ. ಅದರಿಂದಲಾದರೂ ಆರಂಭವಾಗಲಿ. ಎರಡು ವರ್ಷಕ್ಕೊಮ್ಮೆ ಬೆಂಗಳೂರಿನ ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ಎಕ್ಸ್‌ಕಾನ್ ಎಂಬ ಭಾರೀ ಯಂತ್ರಗಳ ಜಾತ್ರೆ ನೆರೆಯುತ್ತದೆ. ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಲು ಯೋಗ್ಯವಾದ ಜಾತ್ರೆಯದು.

ಗುಂಡಿಯೊಳಗಿನವರು

ಈಗ ಮುಖ್ಯ ಮಾತು. ಗುಂಡಿಗೆ ಇಳಿದು ಸಲಿಕೆ ಹಿಡಿಯುವವರು ಯಾರು? ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರುಗಳಿಂದ ಗಂಟುಮೂಟೆ ಕಟ್ಟಿ ಬಂದವರು ಅವರಲ್ಲಿ ಬಹಳ ಮಂದಿ. ನಾವು ಪದವಿ ಹಿಡಿದು ಬಂದೆವು, ಅವರು ಸಲಿಕೆ ಹಿಡಿದು ಬಂದರು, ಭಾಷೆ ಒಂದೇ. ಮಣ್ಣು ಅಗೆಯುವುದು ನಮ್ಮ ನಾಡಿನಲ್ಲಿ ಕೀಳಾದ ಕೆಲಸವೆನಿಸಿದ್ದಲ್ಲ. ಸೊನ್ನಲಿಗೆಯ ಸಿದ್ಧರಾಮರು ಹನ್ನೆರಡನೆಯ ಶತಮಾನದಲ್ಲಿ ಕೆರೆ ತೋಡಿಸಿದ್ದನ್ನೇ ಶಿವಪೂಜೆಯೆಂದು ತಿಳಿದವರು. ಅವರ ಸೊನ್ನಲಿಗೆ ಇಂದಿನ ಸೊಲ್ಲಾಪುರ, ಕೆರೆ ಇಂದಿಗೂ ಅಲ್ಲಿದೆ.

ಒಂದು ಘನಮೀಟರು ಮಣ್ಣು ಒಂದೂವರೆ ಟನ್ನಿಗೂ ಮಿಗಿಲಾಗಿ ತೂಗುತ್ತದೆ. ಎದೆಮಟ್ಟದ ಗುಂಡಿಯ ಗೋಡೆ ಜರಿದರೆ ಮನುಷ್ಯ ಉಸಿರು ಎಳೆಯಲಾರ; ತಲೆ ಮೇಲಿದ್ದರೂ ಎದೆ ಹಿಗ್ಗದು. ಇದಕ್ಕೆ ನಿಯಮಗಳಿಲ್ಲವೆಂದಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆ ಕರಾರಿನ ಸುರಕ್ಷತಾ ನಿಯಮಗಳು ಸ್ಪಷ್ಟವಾಗಿವೆ. ೧.೨ ಮೀಟರು ಅಥವಾ ಹೆಚ್ಚು ಆಳದ ಕಾಲುವೆಗೆ ಪ್ರತಿ ೩೦ ಮೀಟರು ಉದ್ದಕ್ಕೆ ಒಂದಾದರೂ ಏಣಿ ಇರಬೇಕು. ೧.೫ ಮೀಟರು ಅಥವಾ ಹೆಚ್ಚು ಆಳವಿದ್ದರೆ ಪಕ್ಕಗಳನ್ನು ಮೆಟ್ಟಿಲಾಗಿ ಕಡಿದು ಇಳಿಜಾರು ಕೊಡಬೇಕು, ಇಲ್ಲವೆ ಮರದ ಆಧಾರ ಕೊಟ್ಟು ಬಿಗಿಯಬೇಕು. ತೆಗೆದ ಮಣ್ಣನ್ನು ಅಂಚಿನಿಂದ ೧.೫ ಮೀಟರು ಅಥವಾ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು. ಅಂಧೇರಿಯ ಓಣಿಯಲ್ಲಿ ಮಣ್ಣನ್ನು ಅಷ್ಟು ದೂರ ಹಾಕಹೋದರೆ ಎದುರು ಮನೆಯ ಜಗಲಿಯೇ ಗತಿ! ನಿಯಮ ಪಾಲಿಸಲು ಸ್ಥಳವಿಲ್ಲದ ಕಡೆ, ಮನುಷ್ಯ ಗುಂಡಿಗೆ ಇಳಿಯುವ ಹೊತ್ತನ್ನೇ ಕಡಿಮೆ ಮಾಡುವುದು ಉಳಿದ ದಾರಿ. ಯಂತ್ರದ ಮಣಿಕಟ್ಟು ಮಾಡುವುದು ಅದನ್ನೇ. ಪೈಪಿನ ಜೋಡಣೆಗೆ ಇಳಿಯಲೇಬೇಕು, ಹೌದು. ಆದರೆ ಒಂದಿಡೀ ದಿನ ಇಳಿಯುವ ಬದಲು, ಮಗ್ಗುಲಿಗೆ ಆಧಾರ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಇಳಿದರೆ ಸಾಕು.

ಹಾಗಾದರೆ ಅವರ ಅನ್ನಕ್ಕೆ ಕಲ್ಲು ಬೀಳದೇ? ಈ ಪ್ರಶ್ನೆಯನ್ನು ಮರೆಮಾಚುವುದು ಸರಿಯಲ್ಲ. ಕೆಲವರ ಕೂಲಿ ಹೋಗುವುದು ಖಂಡಿತ. ಯಂತ್ರದ ಜೊತೆಗೆ ಸನ್ನೆ ತೋರಿಸುವವನೊಬ್ಬ ಬ���ಕು, ಪೈಪು ಜೋಡಿಸುವವನು ಬೇಕು, ನಡೆಸುವವನು ಬೇಕು. ಆದರೆ ನಾಕಾದಲ್ಲಿ ನಿಂತ ಎಲ್ಲರಿಗೂ ಅದು ಸಾಲದು. ಆದುದರಿಂದ ಯಂತ್ರದ ಜೊತೆಗೇ, ಸಾಧ್ಯವಾದರೆ ಅದಕ್ಕಿಂತ ಮೊದಲೇ, ಕಲಿಕೆ ಬರಬೇಕು. ಸಲಿಕೆಯಿಂದ ಗಟಾರದ ಇಳಿಜಾರನ್ನು ಕಣ್ಣಳತೆಯಲ್ಲೇ ಹಿಡಿಯಬಲ್ಲವನಿಗೆ ಉರುಳೆ ಹಿಡಿಯುವುದು ಬೇಗ ಬರುತ್ತದೆ. ಕೈ ಬದಲಾದೀತು, ಕಣ್ಣು ಅದೇ. ಇಂತಹ ಯಂತ್ರ ನಡೆಸುವವರಿಗೆ ತರಬೇತಿಯ ಪ್ರಮಾಣಪತ್ರ ದೊರೆಯುವಂತೆ ಮಾಡಲು ಇನ್ಫ್ರಾಸ್ಟ್ರಕ್ಚರ್ ಇಕ್ವಿಪ್‌ಮೆಂಟ್ ಸ್ಕಿಲ್ ಕೌನ್ಸಿಲ್ ಎಂಬ ಸಂಸ್ಥೆಯಿದೆ. ಅರ್ಜಿ ಬರೆಯುವುದು, ಕಾಗದ ಜೋಡಿಸುವುದು, ಯಾವ ಮೇಜಿನ ಮುಂದೆ ಹೋಗಬೇಕೆಂದು ತಿಳಿಸುವುದು ಇವು ನಮ್ಮಂತಹ ಗುಮಾಸ್ತರಿಗೆ ಬರುವ ವಿದ್ಯೆ. ನಮ್ಮ ಸಂಘದ ಸದಸ್ಯರಲ್ಲಿ ಅಂತಹವರು ಬೇಕಾದಷ್ಟಿದ್ದಾರೆ. ಭಾನುವಾರದ ಒಂದೆರಡು ಗಂಟೆಗಳನ್ನು ಇದಕ್ಕೆ ಕೊಟ್ಟರೆ ರಾಜ್ಯೋತ್ಸವದ ಭಾಷಣಕ್ಕಿಂತ ಕಡಿಮೆಯ ಕನ್ನಡ ಸೇವೆಯೇನೂ ಆಗದು.

ಅಲ್ಲಿಯವರೆಗೆ ಪ್ರತಿ ಮನೆಯವರೂ ಮಾಡಬಹುದಾದುದಿಷ್ಟು. ಮಕ್ಕಳು ಯಂತ್ರ ನೋಡಲಿ, ಆದರೆ ತೋಳು ಬೀಸುವ ವ್ಯಾಪ್ತಿಯ ಹೊರಗೆ ನಿಂತು ನೋಡಲಿ; ಎತ್ತಿದ ಬಕೆಟ್ಟಿನ ಕೆಳಗೆ ಯಾರೂ ಹಾಯದಿರಲಿ. ಗುಂಡಿಯ ಅಂಚಿಗೆ ಸ್ಕೂಟರು ನಿಲ್ಲಿಸಬೇಡಿ. ಆ ಭಾರವೂ ಒಳಗಿದ್ದವನ ಮೇಲೆಯೇ. ಮನೆಯ ಮುಂದೆ ಗುಂಡಿ ತೋಡಿದಾಗ ಒಮ್ಮೆ ಬಗ್ಗಿ ನೋಡಿ, ಏಣಿ ಇಟ್ಟಿದ್ದಾರೆಯೇ ಎಂದು ಕೇಳಿರಿ. ಕನ್ನಡದಲ್ಲೇ ಕೇಳಿರಿ, ಕೆಳಗಿನಿಂದ ಬರುವ ಮಾರುತ್ತರವೂ ಬಹಳ ಮಟ್ಟಿಗೆ ಕನ್ನಡದಲ್ಲೇ ಇರುತ್ತದೆ.